ನಿಮಗಿದು ಗೊತ್ತೇ? ಬೆಳ್ಳಿಯ ಆನೆ, ಮರದ ಮಣಿ, ಸಂಬಳವಿಲ್ಲದ ಮೇಷ್ಟ್ರು

ಸ್ಕೌಟ್ಸ್ ಅಂದರೆ ಕೊರಳಿಗೆ ಸ್ಕಾರ್ಫ್ ಕಟ್ಟಿ ಮೂರು ಬೆರಳಿನ ಸೆಲ್ಯೂಟ್ ಹೊಡೆಯುವ ಮಕ್ಕಳಷ್ಟೇ ನಮ್ಮ ಕಣ್ಣಿಗೆ ಬೀಳುತ್ತಾರೆ. ಸೀಟಿ ಹಿಡಿದು ಪಕ್ಕದಲ್ಲಿ ನಿಂತ ದೊಡ್ಡವರನ್ನು ಯಾರೂ ಗಮನಿಸುವುದಿಲ್ಲ. ಭಾನುವಾರದ ನಿದ್ದೆ ಬಿಟ್ಟು, ಕೈಯಿಂದ ದುಡ್ಡು ಹಾಕಿ, ಊರಿನವರ ಮಕ್ಕಳಿಗೆ ಗಂಟು ಕಟ್ಟುವುದನ್ನೂ ಗಾಯಕ್ಕೆ ಪಟ್ಟಿ ಸುತ್ತುವುದನ್ನೂ ಕಲಿಸುವವರು ಇವರು. ಈ ಸಲದ ಅಂಕಣ ಅವರಿಗೆ ಮೀಸಲು. ಹೊರಡುವುದು ಕಿತ್ತಳೆಯ ಊರು ನಾಗಪುರದಿಂದ. ಸ್ಕೌಟ್ ಚರಿತ್ರೆಗೂ ಈ ಊರಿಗೂ ಇರುವ ನಂಟು ನೀವು ಊಹಿಸಿದ್ದಕ್ಕಿಂತ ದೊಡ್ಡದು.

ನಾಗಪುರದ ನ್ಯಾಯಮೂರ್ತಿ

◆ ಭಾರತದಲ್ಲಿ ಸ್ಕೌಟ್ ಚಳವಳಿ ಶುರುವಾದಾಗ ಭಾರತೀಯ ಹುಡುಗರಿಗೇ ಅದರಲ್ಲಿ ಜಾಗ ಇರಲಿಲ್ಲ! ಆರಂಭದ ದಳಗಳು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಹುಡುಗರಿಗೆ ಮಾತ್ರ. 1913ರಲ್ಲಿ ಮಧ್ಯಪ್ರಾಂತ್ಯದಲ್ಲಿ ನಮ್ಮ ಹುಡುಗರಿಗಾಗಿ ಸ್ಕೌಟಿಂಗ್ ಆರಂಭಿಸಿದವರು ವಿವಿಯನ್ ಬೋಸ್. ಆ ಪ್ರಾಂತ್ಯದ ರಾಜಧಾನಿಯೇ ನಾಗಪುರ.

◆ ಆಗ ಅವರಿಗೆ ವಯಸ್ಸು ಇಪ್ಪತ್ತೆರಡರ ಆಸುಪಾಸು. ಹುಟ್ಟಿದ್ದು 1891ರ ಜೂನ್ 9ರಂದು ಅಹಮದಾಬಾದಿನಲ್ಲಿ, ಓದಿದ್ದು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ, ವಕೀಲಿಕೆ ನಾಗಪುರದಲ್ಲಿ.

◆ ಅವರ ಅಜ್ಜ ಸರ್ ಬಿಪಿನ್ ಕೃಷ್ಣ ಬೋಸ್. 1923ರಲ್ಲಿ ನಾಗಪುರ ವಿಶ್ವವಿದ್ಯಾಲಯ ಹುಟ್ಟಿದಾಗ ಅದರ ಮೊದಲ ಕುಲಪತಿ ಕುರ್ಚಿಯಲ್ಲಿ ಕೂತವರು ಅವರೇ.

◆ ಮಾವನೂ ಸಾಮಾನ್ಯರಲ್ಲ. ಪತ್ನಿ ಐರೀನ್ ಅವರ ತಂದೆ ಅಮೆರಿಕದ ಜಾನ್ ಆರ್. ಮಾಟ್. ವೈಎಂಸಿಎ ಸಂಸ್ಥೆಯ ಜಾಗತಿಕ ನಾಯಕರಾಗಿದ್ದ ಇವರಿಗೆ 1946ರಲ್ಲಿ ನೊಬೆಲ್ ಶಾಂತಿ ಪುರಸ್ಕಾರ ಬಂತು. ಅಳಿಯ, ಮಾವ ಇಬ್ಬರೂ ಯುವಜನರ ಸ್ವಯಂಸೇವಾ ಸಂಘಟನೆಗೆ ದುಡಿದವರು.

◆ ಸ್ಕೌಟ್ ಕೆಲಸ ಬೋಸರ ಬಿಡುವಿನ ವೇಳೆಯ ಸೇವೆ. ಹೊಟ್ಟೆಪಾಡಿನ ಕೆಲಸ ಕಾನೂನು. 1949ರಲ್ಲಿ ನಾಗಪುರ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದರು, 1951ರಿಂದ 1956ರವರೆಗೆ ಸುಪ್ರೀಂ ಕೋರ್ಟಿನಲ್ಲಿದ್ದರು. ದಾಲ್ಮಿಯಾ–ಜೈನ್ ಕಂಪನಿಗಳ ವ್ಯವಹಾರ ತನಿಖೆ ಮಾಡಿದ ಪ್ರಸಿದ್ಧ ಆಯೋಗ ಇವರ ಹೆಸರಿನದೇ. 'ಟೈಮ್ ಇಲ್ಲ ಸಾರ್' ಎನ್ನುವವರು ಇದನ್ನು ಇನ್ನೊಮ್ಮೆ ಓದಿಕೊಳ್ಳಬಹುದು.

◆ ಕೊನೆಯುಸಿರೆಳೆದದ್ದು ಎಲ್ಲಿ ಗೊತ್ತೇ? ನಮ್ಮ ಬೆಂಗಳೂರಿನಲ್ಲಿ, 1983ರ ನವೆಂಬರ್ 29ರಂದು. ಭಾರತದ ಮೊದಲ ಸ್ಕೌಟ್ ದಳ ಹುಟ್ಟಿದ್ದೂ ಇದೇ ಊರಿನಲ್ಲಿ. 1909ರಲ್ಲಿ ಅದನ್ನು ಕಟ್ಟಿದವರು ಕ್ಯಾಪ್ಟನ್ ಟಿ. ಎಚ್. ಬೇಕರ್.

◆ ಗೈಡ್ಸ್ ಕಥೆಯೂ ಮಧ್ಯಪ್ರಾಂತ್ಯದ್ದೇ. ಭಾರತದ ಮೊದಲ ಗರ್ಲ್ ಗೈಡ್ ಕಂಪನಿ 1911ರಲ್ಲಿ ಜಬಲಪುರದಲ್ಲಿ ಶುರುವಾಯಿತು. ಆಗ ಜಬಲಪುರ ನಾಗಪುರದ ಆಡಳಿತಕ್ಕೆ ಸೇರಿತ್ತು.

ಹರಿದು ಹಂಚಿದ್ದನ್ನು ಹೊಲಿದವರು

◆ ಅನಿ ಬೆಸೆಂಟ್ 1916ರಲ್ಲಿ ಮದರಾಸಿನಲ್ಲಿ ಭಾರತೀಯ ಹುಡುಗರ ಪ್ರತ್ಯೇಕ ಸ್ಕೌಟ್ ಸಂಘ ಕಟ್ಟಿದರು. 1918ರಲ್ಲಿ ಅಲಹಾಬಾದಿನಲ್ಲಿ ಮದನಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಸೇರಿ ಸೇವಾ ಸಮಿತಿ ಸ್ಕೌಟ್ ಸಂಘ ಆರಂಭಿಸಿದರು. ಮೈಸೂರು ಸಂಸ್ಥಾನದ್ದು ಬೇರೆಯೇ ಸಂಘಟನೆ. ಒಂದು ಚಳವಳಿ, ಹತ್ತಾರು ಬಾವುಟ!

◆ 1938ರಲ್ಲಿ ಬ್ರಿಟಿಷ್ ಸಂಘದಿಂದ ಹಲವರು ಹೊರಬಂದು ಹಿಂದೂಸ್ತಾನ್ ಸ್ಕೌಟ್ ಸಂಘ ಸ್ಥಾಪಿಸಿದರು. ಹುಡುಗರು, ಹುಡುಗಿಯರು ಇಬ್ಬರಿಗೂ ಇದರ ಬಾಗಿಲು ತೆರೆದಿತ್ತು.

◆ ಇವೆಲ್ಲ ಒಂದಾಗಿ 'ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್' ಹುಟ್ಟಿದ ದಿನ 1950ರ ನವೆಂಬರ್ 7. ಗರ್ಲ್ ಗೈಡ್ಸ್ ಬಂದು ಸೇರಿದ್ದು 1951ರ ಆಗಸ್ಟ್ 15ರಂದು.

◆ ಒಗ್ಗೂಡಿಸಲು ಹೆಣಗಿದವರ ಪಟ್ಟಿಯಲ್ಲಿ ನೆಹರೂ, ಮೌಲಾನಾ ಆಜಾದ್, ಕುಂಜ್ರು, ಬಾಜಪೇಯಿ ಜೊತೆಗೆ ನಾಗಪುರದ ಇಬ್ಬರಿದ್ದಾರೆ. ಒಬ್ಬರು ವಿವಿಯನ್ ಬೋಸ್. ಇನ್ನೊಬ್ಬರು ಮಂಗಲದಾಸ್ ಪಕ್ವಾಸಾ. ಇವರು ಆಗ ನಾಗಪುರದ ರಾಜಭವನದಲ್ಲಿದ್ದ ಪ್ರಾಂತ್ಯದ ರಾಜ್ಯಪಾಲರು.

ಮೌಗ್ಲಿಯ ಕಾಡು ಹತ್ತಿರದಲ್ಲೇ

◆ ಎಳೆಯ ಮಕ್ಕಳ 'ಕಬ್' ದಳದ ನಾಯಕರನ್ನು ಪ್ರಪಂಚದ ಬಹುಪಾಲು ಕಡೆ ಮಕ್ಕಳು ಕೂಗುವುದು 'ಅಕೇಲಾ' ಎಂದು. ರಡ್ಯರ್ಡ್ ಕಿಪ್ಲಿಂಗ್ ಬರೆದ 'ಜಂಗಲ್ ಬುಕ್'ನಲ್ಲಿ ಬರುವ ತೋಳಗಳ ಮುಖ್ಯಸ್ಥನ ಹೆಸರು ಅದು. ಸಹಾಯಕರಿಗೆ ಬಲೂ, ಬಘೀರಾ ಎಂಬ ಹೆಸರುಗಳೂ ಉಂಟು.

◆ ಆ ತೋಳಗಳ ಕಾಡು ಸಿವನಿ. ನಾಗಪುರದಿಂದ ಉತ್ತರಕ್ಕೆ ಸುಮಾರು 130 ಕಿಲೋಮೀಟರ್. ಪೆಂಚ್ ಹುಲಿ ಅಭಯಾರಣ್ಯದ ಒಂದು ಭಾಗ ಮಧ್ಯಪ್ರದೇಶದ ಸಿವನಿ ಕಡೆಗಿದ್ದರೆ ಇನ್ನೊಂದು ಭಾಗ ನಾಗಪುರ ಜಿಲ್ಲೆಯೊಳಗೇ ಇದೆ.

◆ ತಮಾಷೆ ಎಂದರೆ ಕಿಪ್ಲಿಂಗ್ ಈ ಕಥೆಗಳನ್ನು ಬರೆದದ್ದು ಅಮೆರಿಕದ ವರ್ಮಾಂಟ್‌ನಲ್ಲಿ ಕುಳಿತು. ಪುಸ್ತಕ ಪ್ರಕಟವಾದದ್ದು 1894ರಲ್ಲಿ.

◆ ಸ್ಕೌಟ್ ಚಳವಳಿಯ ಜನಕ ರಾಬರ್ಟ್ ಬೇಡನ್ ಪೊವೆಲ್ ಕಿಪ್ಲಿಂಗ್ ಒಪ್ಪಿಗೆ ಪಡೆದು ಈ ಕಥೆಗಳನ್ನು ಕಬ್ ಮಕ್ಕಳ ಕೈಪಿಡಿಗೆ ಇಳಿಸಿದರು. ಅದು ಬಂದದ್ದು 1916ರಲ್ಲಿ. ಅಂದಿನಿಂದ ಲಂಡನ್ನಿನ ಬ್ಯಾಂಕ್ ಗುಮಾಸ್ತನೂ ಶಿವಮೊಗ್ಗದ ಟೀಚರಮ್ಮನೂ ಮಧ್ಯಭಾರತದ ಒಂದು ತೋಳದ ಹೆಸರಿಗೆ ಓಗೊಡುತ್ತಿದ್ದಾರೆ!

ಹುಬ್ಬಳ್ಳಿ ಹುಡುಗರು ನಾಗಪುರದ ಜೈಲಿನಲ್ಲಿ

◆ ಕನ್ನಡಿಗರಿಗೆ ನಾಗಪುರ ಮರೆಯಲಾಗದ ಊರು. 1920ರ ಡಿಸೆಂಬರಿನಲ್ಲಿ ಅಲ್ಲಿ ನಡೆದ ಕಾಂಗ್ರೆಸ್ ಅಧಿವೇಶನಕ್ಕೆ ಕರ್ನಾಟಕದಿಂದ ಸುಮಾರು 800 ಪ್ರತಿನಿಧಿಗಳು ಹೋಗಿದ್ದರು. ಭಾಷಾವಾರು ಪ್ರಾಂತ ಸಮಿತಿಗಳಿಗೆ ಒಪ್ಪಿಗೆ ಸಿಕ್ಕಿದ್ದು ಅಲ್ಲೇ. ಕರ್ನಾಟಕಕ್ಕೆ ತನ್ನದೇ ಪ್ರದೇಶ ಕಾಂಗ್ರೆಸ್ ದಕ್ಕಿದ್ದು ಹಾಗೆ.

◆ 1923ರಲ್ಲಿ ನಾಗಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಜಮನಾಲಾಲ್ ಬಜಾಜ್ ಮುಂದಾಳತ್ವ. ಅವರ ಬಂಧನದ ನಂತರ ಸರ್ದಾರ್ ಪಟೇಲರು ಹೊಣೆ ಹೊತ್ತರು. ಬಾವುಟ ಹಿಡಿಯಲು ಹುಬ್ಬಳ್ಳಿಯಿಂದಲೂ ಹುಡುಗರು ಹೊರಟರು. ಅವರದು ಡಾ. ನಾ. ಸು. ಹರ್ಡೀಕರ್ ಕಟ್ಟಿದ ಹುಬ್ಬಳ್ಳಿ ಸೇವಾ ಮಂಡಲ.

◆ ಜೈಲಿನ ಕಷ್ಟ ತಾಳಲಾರದೆ ಹಲವು ಸತ್ಯಾಗ್ರಹಿಗಳು ಕ್ಷಮಾಪಣೆ ಬರೆದುಕೊಟ್ಟು ಹೊರಬಂದರು. ಹುಬ್ಬಳ್ಳಿಯವರು ಬರೆದುಕೊಡಲಿಲ್ಲ. ಈ ಶಿಸ್ತು ಎಲ್ಲಿಂದ ಬಂತು ಎಂದು ರಾಷ್ಟ್ರನಾಯಕರೇ ತಿರುಗಿ ನೋಡಿದರು.

◆ ಅದೇ ವರ್ಷದ ಡಿಸೆಂಬರಿನಲ್ಲಿ ಕಾಕಿನಾಡ ಅಧಿವೇಶನದಲ್ಲಿ ಹಿಂದೂಸ್ತಾನಿ ಸೇವಾ ದಳ ಹುಟ್ಟಿತು. ಮೊದಲ ಅಧ್ಯಕ್ಷರು ಜವಾಹರಲಾಲ್ ನೆಹರೂ. ಬೆನ್ನೆಲುಬು ಧಾರವಾಡದಲ್ಲಿ ಹುಟ್ಟಿ ಅಮೆರಿಕದ ಮಿಶಿಗನ್‌ನಲ್ಲಿ ಓದಿ ಬಂದ ಹರ್ಡೀಕರ್. ಇದು ಸ್ಕೌಟ್ ಸಂಘ ಅಲ್ಲ, ಆದರೆ ಸಮವಸ್ತ್ರ, ಕವಾಯತು, ಶಿಬಿರ, ಸೇವೆ ಎಲ್ಲವೂ ಇದ್ದ ಸೋದರ ಸಂಘಟನೆ.

◆ ಮಹಿಳಾ ವಿಭಾಗದ ಹೊಣೆ ಹೊತ್ತವರು ಉಮಾಬಾಯಿ ಕುಂದಾಪುರ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ 150ಕ್ಕೂ ಹೆಚ್ಚು ಮಹಿಳಾ ಸ್ವಯಂಸೇವಕಿಯರನ್ನು ಅವರು ಕಲೆಹಾಕಿದರು. ಹೆಂಗಸರು ಮನೆಯ ಹೊಸ್ತಿಲು ದಾಟುವುದೇ ಸುದ್ದಿಯಾಗುತ್ತಿದ್ದ ಕಾಲ ಅದು.

ಮಣಿ, ದಾರ, ಸ್ಕಾರ್ಫ್

◆ ಸ್ಕೌಟ್ ಮಾಸ್ಟರ್ ಆಗಲು ಉತ್ಸಾಹವಷ್ಟೇ ಸಾಲದು, ತರಬೇತಿ ಬೇಕು. ನಮ್ಮಲ್ಲಿ ಅದಕ್ಕೆ ಬಿಗಿನರ್ಸ್, ಬೇಸಿಕ್, ಅಡ್ವಾನ್ಸ್ಡ್, ಹಿಮಾಲಯ ವುಡ್ ಬ್ಯಾಡ್ಜ್ ಎಂದು ನಾಲ್ಕು ಮೆಟ್ಟಿಲು. ಮಕ್ಕಳಿಗೆ ಟೆಂಟ್ ಹಾಕಿಸುವ ಮೊದಲು ಮೇಷ್ಟ್ರೇ ಟೆಂಟಿನಲ್ಲಿ ಮಲಗಿ ಏಳಬೇಕು.

◆ ಕೊನೆಯ ಮೆಟ್ಟಿಲು ಹತ್ತಿದವರ ಕೊರಳಿಗೆ ಚರ್ಮದ ದಾರದಲ್ಲಿ ಪೋಣಿಸಿದ ಎರಡು ಮರದ ಮಣಿ. ಚಿನ್ನವಿಲ್ಲ, ಬೆಳ್ಳಿಯಿಲ್ಲ. ಆದರೂ ಸ್ಕೌಟ್ ಲೋಕದಲ್ಲಿ ಆ ಎರಡು ಮಣಿ ಕಂಡರೆ ಗೌರವ ತಾನಾಗಿ ಬರುತ್ತದೆ.

◆ ಮಣಿ ಎಣಿಸಿದರೆ ಮನುಷ್ಯ ಯಾರೆಂದು ತಿಳಿಯುತ್ತದೆ. ಎರಡಿದ್ದರೆ ವುಡ್ ಬ್ಯಾಡ್ಜ್ ಪಡೆದವರು, ಮೂರಿದ್ದರೆ ಸಹಾಯಕ ತರಬೇತುದಾರರು, ನಾಲ್ಕಿದ್ದರೆ ತರಬೇತುದಾರರು. ಬೇಡನ್ ಪೊವೆಲ್ ಕೊರಳಲ್ಲಿದ್ದದ್ದು ಆರು!

◆ ಮೊದಲ ಮಣಿಗಳು ಆಫ್ರಿಕಾದ ಜುಲು ದೊರೆ ದಿನುಜುಲುವಿನದೆಂದು ಹೇಳುವ ಹಾರದಿಂದ ಬಂದವು. ಬೇಡನ್ ಪೊವೆಲ್ ಸೇನೆಯಲ್ಲಿದ್ದಾಗ ಅದು ಅವರ ಕೈ ಸೇರಿತ್ತು. ಈಗ ಕೊಡುವುದು ಅವುಗಳ ನಕಲು.

◆ ಮೊದಲ ವುಡ್ ಬ್ಯಾಡ್ಜ್ ಶಿಬಿರ ನಡೆದದ್ದು 1919ರ ಸೆಪ್ಟೆಂಬರಿನಲ್ಲಿ, ಲಂಡನ್ ಅಂಚಿನ ಗಿಲ್ವೆಲ್ ಪಾರ್ಕ್‌ನಲ್ಲಿ. ಅಲ್ಲಿ ಬೆಲ್ ಬಾರಿಸುವ ಬದಲು ಕುಡು ಎಂಬ ಆಫ್ರಿಕಾದ ಜಿಂಕೆಯ ಕೊಂಬು ಊದಿದರು.

◆ ಗಿಲ್ವೆಲ್ ಜಾಗ ಕೊಂಡುಕೊಟ್ಟ ದಾನಿ ಸ್ಕಾಟ್ಲೆಂಡಿನ ಡಬ್ಲ್ಯು. ಎಫ್. ದ ಬೋಯಿ ಮೆಕ್ಲಾರೆನ್. ಈಗಲೂ ಜಗತ್ತಿನ ವುಡ್ ಬ್ಯಾಡ್ಜ್ ಸ್ಕಾರ್ಫ್‌ಗಳ ಹಿಂಬದಿಯಲ್ಲಿ ಅವರ ಮನೆತನದ ಚೌಕಳಿ ಬಟ್ಟೆಯ ತುಂಡು ಹೊಲಿದಿರುತ್ತದೆ. ದಾನಿಯ ಹೆಸರನ್ನು ಕಲ್ಲಿನ ಮೇಲೆ ಕೆತ್ತಿಸುವ ನಮಗೆ ಇದು ಹೊಸ ದಾರಿ.

◆ ಭಾರತದ ಗಿಲ್ವೆಲ್ ಯಾವುದು? ಸಾತ್ಪುರ ಬೆಟ್ಟಸಾಲಿನ ಪಚ್‌ಮಢಿ. 1956ರಿಂದ ಅಲ್ಲಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್‌ನ ರಾಷ್ಟ್ರೀಯ ತರಬೇತಿ ಕೇಂದ್ರವಿದೆ. ನಾಗಪುರದ ಬಿಸಿಲು ತಾಳಲಾರದ ಬ್ರಿಟಿಷ್ ಅಧಿಕಾರಿಗಳು ಬೇಸಿಗೆ ರಾಜಧಾನಿ ಮಾಡಿಕೊಂಡಿದ್ದ ಗಿರಿಧಾಮ ಇದೇ.

◆ ದಳಕ್ಕೆ ಸೇರುವ ಹುಡುಗ ಮಾಡುವ ಪ್ರತಿಜ್ಞೆಯನ್ನು ಅವನ ಮೇಷ್ಟ್ರೂ ಮಾಡಿರಬೇಕು. ದೊಡ್ಡವರೆಂದು ವಿನಾಯಿತಿ ಇಲ್ಲ. ಎಡಗೈ ಕುಲುಕುವುದೂ ಇಬ್ಬರಿಗೂ ಒಂದೇ.

◆ ಸ್ಕೌಟ್ ಮಾಸ್ಟರ್ ಶಾಲೆಯ ಮೇಷ್ಟ್ರಂತೆಯೂ ಇರಬಾರದು, ಸೇನಾಧಿಕಾರಿಯಂತೆಯೂ ಇರಬಾರದು, ಮನೆಯ ಹಿರಿಯಣ್ಣನಂತೆ ಇರಬೇಕು ಎಂಬುದು ಬೇಡನ್ ಪೊವೆಲ್ ನಿಲುವು. ಅದಕ್ಕೇ ಆರೆಂಟು ಮಕ್ಕಳ 'ಪಟ್ರೋಲ್' ಎಂಬ ಗುಂಪಿಗೆ ನಾಯಕ ಒಬ್ಬ ಹುಡುಗನೇ. ಎಲ್ಲವನ್ನೂ ತಾನೇ ಮಾಡುವ ಮೇಷ್ಟ್ರು ಇಲ್ಲಿ ಫೇಲು.

◆ ಮಕ್ಕಳ ಸುರಕ್ಷತೆಯೂ ಇಂದಿನ ಪಾಠದಲ್ಲಿ ಸೇರಿದೆ. ವಿಶ್ವ ಸ್ಕೌಟ್ ಸಂಸ್ಥೆಗೆ 'ಸೇಫ್ ಫ್ರಂ ಹಾರ್ಮ್' ಎಂಬ ನೀತಿಯಿದೆ. ಒಳ್ಳೆಯ ಮನಸ್ಸಿದ್ದರೆ ಸಾಕು ಎಂಬ ಕಾಲ ಹೋಯಿತು. ಮಕ್ಕಳೊಂದಿಗೆ ಹೇಗೆ ನಡೆದುಕೊಳ್ಳಬೇಕೆಂದು ದೊಡ್ಡವರು ಕಲಿಯಲೇಬೇಕು.

ಬೆಳ್ಳಿಯ ಮೃಗಾಲಯ

◆ ಸಂಬಳ ಕೊಡದ ಚಳವಳಿ ಕೃತಜ್ಞತೆ ಹೇಳುವುದು ಪ್ರಾಣಿಗಳ ಮೂಲಕ! ಭಾರತದಲ್ಲಿ ಹಿರಿಯ ಸ್ವಯಂಸೇವಕರಿಗೆ ಸಿಗುವ ಅತ್ಯುನ್ನತ ಪದಕ 'ಸಿಲ್ವರ್ ಎಲಿಫೆಂಟ್', ಅಂದರೆ ಬೆಳ್ಳಿಯ ಆನೆ. ಅದರ ಕೆಳಗೆ ಸಿಲ್ವರ್ ಸ್ಟಾರ್, ಮೆಡಲ್ ಆಫ್ ಮೆರಿಟ್. ದೀರ್ಘ ಸೇವೆಗೆ ಬೇರೆಯೇ ಪದಕವಿದೆ. ಹೊರಗಿದ್ದು ನೆರವಾದವರಿಗೆ 'ಥ್ಯಾಂಕ್ಸ್ ಬ್ಯಾಡ್ಜ್'.

◆ ಬ್ರಿಟನ್ನಿನಲ್ಲಿ ಬೆಳ್ಳಿಯ ತೋಳ, ಅಮೆರಿಕದಲ್ಲಿ ಬೆಳ್ಳಿಯ ಕಾಡೆಮ್ಮೆ, ಆಸ್ಟ್ರೇಲಿಯಾದಲ್ಲಿ ಬೆಳ್ಳಿಯ ಕಾಂಗರೂ, ಕೆನಡಾದಲ್ಲಿ ಬೆಳ್ಳಿಯ ನರಿ, ಜಪಾನಿನಲ್ಲಿ ಚಿನ್ನದ ಫೆಸೆಂಟ್ ಹಕ್ಕಿ. ಎಲ್ಲವನ್ನೂ ಒಟ್ಟಿಗೆ ಕಟ್ಟಿದರೆ ಒಂದು ಝೂ ಆದೀತು.

◆ ಬೆಳ್ಳಿಯ ತೋಳ ಭಾರತಕ್ಕೂ ಬಂದಿದೆ. 1932ರಲ್ಲಿ ಅದನ್ನು ಪಡೆದವರು ಅನಿ ಬೆಸೆಂಟ್. ಬ್ರಿಟಿಷ್ ಸಂಘಕ್ಕೆ ಎದುರಾಗಿ ಸ್ವಂತ ಸಂಘ ಕಟ್ಟಿದಾಕೆಗೇ ಬ್ರಿಟಿಷ್ ಸ್ಕೌಟಿಂಗ್‌ನ ಅತಿದೊಡ್ಡ ಪದಕ!

◆ ಇಡೀ ಜಗತ್ತಿನ ಮಟ್ಟದಲ್ಲಿ ವಿಶ್ವ ಸ್ಕೌಟ್ ಸಮಿತಿ ಕೊಡುವ ಪದಕ ಒಂದೇ, ಕಂಚಿನ ತೋಳ. 1935ರಲ್ಲಿ ಮೊದಲು ಪಡೆದವರು ಬೇಡನ್ ಪೊವೆಲ್. 1969ರಲ್ಲಿ ಭಾರತದ ಲಕ್ಷ್ಮಿ ಮಜುಂದಾರ್ ಅವರಿಗೆ ಸಂದಿತು. 1964ರಿಂದ 1983ರವರೆಗೆ ರಾಷ್ಟ್ರೀಯ ಆಯುಕ್ತೆಯಾಗಿದ್ದ ಇವರ ಹೆಸರನ್ನೇ ದೆಹಲಿಯ ಕೇಂದ್ರ ಕಚೇರಿಗೆ ಇಟ್ಟಿದ್ದಾರೆ.

◆ ಹೆಸರೇ ಗೊತ್ತಿಲ್ಲದವರಿಗೂ ಪದಕ ಕೊಟ್ಟದ್ದುಂಟು. 1909ರಲ್ಲಿ ಲಂಡನ್ನಿನ ಮಂಜಿನಲ್ಲಿ ದಾರಿ ತಪ್ಪಿದ ಅಮೆರಿಕದ ಪ್ರಕಾಶಕ ವಿಲಿಯಂ ಬಾಯ್ಸ್‌ಗೆ ಒಬ್ಬ ಹುಡುಗ ದಾರಿ ತೋರಿಸಿ, ಕೊಟ್ಟ ಕಾಸನ್ನು ಬೇಡ ಎಂದನಂತೆ. ಅದರಿಂದ ಅಮೆರಿಕದಲ್ಲಿ 1910ರಲ್ಲಿ ಸ್ಕೌಟಿಂಗ್ ಶುರುವಾಯಿತು ಎಂಬುದು ಅಲ್ಲಿ ಹೇಳುವ ಕಥೆ. 1926ರಲ್ಲಿ ಬೆಳ್ಳಿಯ ಕಾಡೆಮ್ಮೆ ಪದಕ ಆರಂಭವಾದಾಗ ಮೊದಲನೆಯದು ಬೇಡನ್ ಪೊವೆಲ್‌ಗೆ, ಎರಡನೆಯದು ಆ ಅಜ್ಞಾತ ಸ್ಕೌಟ್‌ಗೆ.

ಬೇಡ ಎಂದವರು

◆ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್‌ನ ಮೊದಲ ರಾಷ್ಟ್ರೀಯ ಆಯುಕ್ತ ಹೃದಯನಾಥ ಕುಂಜ್ರು ಅವರಿಗೆ 1968ರಲ್ಲಿ ಭಾರತ ರತ್ನ ಕೊಡಲು ಸರ್ಕಾರ ಮುಂದಾಯಿತು. ಅವರು ಒಪ್ಪಲಿಲ್ಲ. ಇಂಥ ಬಿರುದುಗಳು ಗಣರಾಜ್ಯಕ್ಕೆ ಬೇಡ ಎಂದು ಸಂವಿಧಾನ ಸಭೆಯಲ್ಲಿ ವಾದಿಸಿದ್ದವರು ತಾವೇ ಅದನ್ನು ಪಡೆಯುವುದು ಹೇಗೆ?

◆ ಉಮಾಬಾಯಿ ಕುಂದಾಪುರ ಅವರೂ ಸ್ವಾತಂತ್ರ್ಯ ಬಂದ ಮೇಲೆ ತಾಮ್ರಪತ್ರವನ್ನಾಗಲಿ ಪಿಂಚಣಿಯನ್ನಾಗಲಿ ಬಯಸಲಿಲ್ಲ. ಹರ್ಡೀಕರ್ ಒದಗಿಸಿದ್ದ ಹುಬ್ಬಳ್ಳಿಯ ಪುಟ್ಟ ಮನೆ 'ಆನಂದ ಸ್ಮೃತಿ'ಯಲ್ಲೇ ಕೊನೆಯವರೆಗೂ ಇದ್ದರು. ತೀರಿಕೊಂಡದ್ದು 1992ರಲ್ಲಿ.

◆ ಹರ್ಡೀಕರ್ ಅವರಿಗೆ 1958ರಲ್ಲಿ ಪದ್ಮಭೂಷಣ ಬಂತು. ಆದರೆ ಗೋಕಾಕ ಸೀಮೆಯಲ್ಲಿ ಅವರನ್ನು ನೆನೆಯುವುದು ಘಟಪ್ರಭೆಯ ಆಸ್ಪತ್ರೆಯಿಂದ. ಗೆಳೆಯರೊಂದಿಗೆ ಕೂಡಿ ಅವರು ಕಟ್ಟಿದ ಕರ್ನಾಟಕ ಆರೋಗ್ಯ ಧಾಮ ಅದು.

ನಮ್ಮ ಅಂಗಳದಲ್ಲಿ

◆ ಜಾಂಬೂರಿ ಎಂದರೆ ಸ್ಕೌಟ್ಸ್, ಗೈಡ್ಸ್ ಮಕ್ಕಳ ಮಹಾಶಿಬಿರ. ರಾಷ್ಟ್ರೀಯ ಜಾಂಬೂರಿಗಳಲ್ಲಿ ಮೊದಲನೆಯದು 1953ರಲ್ಲಿ ಹೈದರಾಬಾದಿನಲ್ಲಿ ನಡೆಯಿತು, ಮೂರನೆಯದು 1959ರ ಕೊನೆಗೆ ಬೆಂಗಳೂರಿನಲ್ಲಿ. 2022ರ ಡಿಸೆಂಬರಿನಲ್ಲಿ ಮೂಡುಬಿದಿರೆಯಲ್ಲಿ ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ನಡೆಯಿತು. ಮಕ್ಕಳು ಕುಣಿದದ್ದು ಟೀವಿಯಲ್ಲಿ ಬಂತು. ಅವರಿಗೆ ರೈಲು ಟಿಕೆಟ್ ಮಾಡಿಸಿ, ರಾತ್ರಿ ತಲೆ ಎಣಿಸಿ, ಜ್ವರ ಬಂದವರಿಗೆ ಗಂಜಿ ಕುಡಿಸಿದವರು ಬರಲಿಲ್ಲ.

◆ ದಾವಣಗೆರೆ ಜಿಲ್ಲೆಯ ಹರಿಹರ ತಾಲ್ಲೂಕಿನ ಕೊಂಡಜ್ಜಿಯಲ್ಲಿ ಸ್ಕೌಟ್ಸ್ ತರಬೇತಿ ಕೇಂದ್ರವಿದೆ. ಇದೇ ಊರಿನ ಕೊಂಡಜ್ಜಿ ಬಸಪ್ಪ ರಾಜಕಾರಣಿ, ಮಂತ್ರಿ. ಆದರೂ ಸ್ಕೌಟ್ ವಲಯದಲ್ಲಿ ಇಂದಿಗೂ ಅವರ ಹೆಸರು ಉಳಿದಿರುವುದು ಸ್ಕಾರ್ಫ್ ಕಟ್ಟಿದ ನಾಯಕ ಎಂದೇ.

◆ ಭಾರತ್ ಸ್ಕೌಟ್ಸ್ ಲೆಕ್ಕದಲ್ಲಿ ರೈಲ್ವೆ ವಲಯಗಳೂ ಒಂದೊಂದು 'ರಾಜ್ಯ'! ನಾಗಪುರದ ವಿಶೇಷವೆಂದರೆ ಅಲ್ಲಿ ಮಧ್ಯ ರೈಲ್ವೆಗೂ ಆಗ್ನೇಯ ಮಧ್ಯ ರೈಲ್ವೆಗೂ ಒಂದೇ ಹೆಸರಿನ ಎರಡು ವಿಭಾಗಗಳಿವೆ. ಹುಬ್ಬಳ್ಳಿಯ ನೈಋತ್ಯ ರೈಲ್ವೆಯಲ್ಲೂ ಸ್ಕೌಟ್ ಚಟುವಟಿಕೆ ಉಂಟು. ನೇಮಕಾತಿಯಲ್ಲಿ 'ಸ್ಕೌಟ್ಸ್ ಅಂಡ್ ಗೈಡ್ಸ್ ಕೋಟಾ' ಕೂಡ ಇದೆ, ಯುವಕರು ಗಮನಿಸಿ.

◆ ರೋವರ್, ರೇಂಜರ್ ಆಗಿ ಇಪ್ಪತ್ತೈದರವರೆಗೂ ದಳದಲ್ಲಿರಬಹುದು. ಅಷ್ಟಕ್ಕೇ ಮುಗಿಯುವುದಿಲ್ಲ. ನಂತರ ಆ ಕಡೆ ದಾಟಿ ಮೇಷ್ಟ್ರಾಗಬಹುದು.

◆ ಹುಡುಗರ ದಳಕ್ಕೆ ಸ್ಕೌಟ್ ಮಾಸ್ಟರ್, ಹುಡುಗಿಯರ ಕಂಪನಿಗೆ ಗೈಡ್ ಕ್ಯಾಪ್ಟನ್, ಚಿಕ್ಕ ಹುಡುಗರಿಗೆ ಕಬ್ ಮಾಸ್ಟರ್, 'ಬುಲ್‌ಬುಲ್' ಎನ್ನುವ ಚಿಕ್ಕ ಹುಡುಗಿಯರಿಗೆ ಫ್ಲಾಕ್ ಲೀಡರ್. ನಿಮ್ಮ ಮಗುವಿನ ಶಾಲೆಯಲ್ಲಿ ಈ ಹುದ್ದೆಯಲ್ಲಿರುವವರು ಯಾರೆಂದು ನಿಮಗೆ ಗೊತ್ತೇ?

ಕೊನೆಯ ಪ್ರಶ್ನೆ ನಿಮಗೇ

ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಪುರಸ್ಕಾರ ಪಡೆದ ಮಕ್ಕಳ ಫೋಟೋ ಪತ್ರಿಕೆಯಲ್ಲಿ ಬಂದರೆ ಕತ್ತರಿಸಿ ಇಟ್ಟುಕೊಳ್ಳುತ್ತೇವೆ. ಅವರನ್ನು ಸ್ಕೌಟಿಂಗ್‌ನ ಮೆಟ್ಟಿಲುಗಳಾದ ಪ್ರವೇಶದಿಂದ ತೃತೀಯ ಸೋಪಾನದವರೆಗೆ ಕೈಹಿಡಿದು ಹತ್ತಿಸಿದ ಮೇಷ್ಟ್ರ ಹೆಸರು ಸುದ್ದಿಯ ಕೊನೆಯ ಸಾಲಿನಲ್ಲೂ ಇರುವುದಿಲ್ಲ. ಬೆಳ್ಳಿಯ ಆನೆ ಎಲ್ಲರ ಕೊರಳಿಗೂ ಬೀಳುವುದಿಲ್ಲ, ಬೀಳಬೇಕಾಗಿಯೂ ಇಲ್ಲ. ಆದರೆ ಅರ್ಹರ ಹೆಸರನ್ನು ಸ್ಥಳೀಯ ಸಂಸ್ಥೆಯ ಗಮನಕ್ಕೆ ತರಲು ಪೋಷಕರಿಗೆ ಅಡ್ಡಿಯೇನಿಲ್ಲ. ಶಾಲಾ ವಾರ್ಷಿಕೋತ್ಸವದಲ್ಲಿ ಅವರನ್ನು ವೇದಿಕೆಗೆ ಕರೆಯಲು ಆಡಳಿತ ಮಂಡಳಿಗೆ ಖರ್ಚೂ ಇಲ್ಲ.

ನಿಮ್ಮನ್ನು ಮೊದಲ ಬಾರಿ ಶಿಬಿರಕ್ಕೆ ಕರೆದೊಯ್ದವರು ಇನ್ನೂ ಇದ್ದರೆ ಈ ವಾರ ಒಂದು ಫೋನ್ ಮಾಡಿ. ವಾರಕ್ಕೆ ಒಂದೆರಡು ಗಂಟೆ ಬಿಡುವಿದ್ದರೆ ಹತ್ತಿರದ ದಳಕ್ಕೆ ಹೋಗಿ ವಿಚಾರಿಸಿ. ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದವರೇ ಸ್ಕೌಟ್ ಕೆಲಸಕ್ಕೆ ಸಮಯ ಹೊಂದಿಸಿಕೊಂಡಿದ್ದರು. ನಮಗೂ ನಿಮಗೂ ಸಮಯ ಸಿಗದಿರಲು ಕಾರಣವಿಲ್ಲ.